ಹುಲ್ಲುಬನ್ನಿ

ಮಧ್ಯಾಹ್ನದ ಊಟವಾಗಿ ಕಣ್ಣಿಗೆ ಜೋಂಪು ಹತ್ತುವ ಹೊತ್ತಿಗೆ ಬ್ಯಾಂಕೊಂದರ ಹುಡುಗ ಫೋನು ಮಾಡಿದ. ಮರಾಠಿ ಬೆರೆತ ಹಿಂದಿ, ಗಿಣಿಪಾಠ. ಹೊಸ ಕ್ರೆಡಿಟ್ ಕಾರ್ಡು, ಮೊದಲ ವರ್ಷ ಶುಲ್ಕವಿಲ್ಲ, ವಿಮಾನ ನಿಲ್ದಾಣದಲ್ಲಿ ಲೌಂಜು, ಸಿನಿಮಾ ಟಿಕೆಟಿಗೆ ರಿಯಾಯಿತಿ. ಆಮೇಲೆ ಸ್ವಲ್ಪ ತಡೆದು, ಊಟದ ಕೊನೆಗೆ ಹೋಳಿಗೆ ಬಡಿಸುವವನಂತೆ, "ಗಾಲ್ಫ್ ಭೀ ಫ್ರೀ ಹೈ ಸರ್" ಎಂದ. ತಿಂಗಳಿಗೆ ಇಷ್ಟು ಸುತ್ತು, ಗ್ರೀನ್ ಫೀ ಇಲ್ಲ. ನಾನು ಭಾಂಡುಪ್ ಪಶ್ಚಿಮದ ನಾಲ್ಕು ಮಾಳಿಗೆಯ ಹಳೆಯ ಕಟ್ಟಡದವನು. ಗಾಲ್ಫ್ ಕೋಲು ಕೈಯಲ್ಲಿ ಹಿಡಿದವನಲ್ಲ. ಅವನೂ ಹಿಡಿದಿರಲಾರ. ಇಬ್ಬರೂ ಕಾಣದ ಸರಕನ್ನು ಒಬ್ಬ ಮಾರುತ್ತಿದ್ದ, ಇನ್ನೊಬ್ಬ ಕೇಳಿಸಿಕೊಳ್ಳುತ್ತಿದ್ದ.

ಸಂಜೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಈ ಸಂಗತಿಯನ್ನು ಗಲ್ಲಾ ಮೇಲೆ ಕೂತಿದ್ದ ಯಜಮಾನರಿಗೆ ಹೇಳಿದೆ. ಕುಂದಾಪುರದ ಕಡೆಯವರು, ಬಹಳ ವರ್ಷದ ಪರಿಚಯ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆಯೇ ಕೇಳಿದರು: "ಫ್ರೀ ಅಂದ್ರೆ ಯಾರಾದ್ರೂ ಕೊಡ್ತಾ ಇರ್ಬೇಕಲ್ಲ ಮಾರಾಯ್ರೆ. ನಿಮ್ಮ ಗಾಲ್ಫಿಗೆ ದುಡ್ಡು ಕೊಡುವುದು ಯಾರು?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಹೊರಟರೆ ಅದು ಅವರ ಗಲ್ಲಾದಿಂದಲೇ ಶುರುವಾಗುತ್ತದೆ.

ಗ್ರೀನ್ ಫೀ ಎಂದರೆ ಕ್ಲಬ್ಬಿನ ಸದಸ್ಯನಲ್ಲದವನು ಒಂದು ಸುತ್ತು ಆಡಲು ತೆರುವ ಹಣ. ಮೈದಾನದವರ ಕಡೆಯಿಂದ ನೋಡಿದರೆ ಆಟ ಶುರುಮಾಡುವ ಒಂದೊಂದು ಹೊತ್ತೂ ಬಸ್ಸಿನ ಸೀಟಿನ ಹಾಗೆ. ಮಂಗಳವಾರ ಮಧ್ಯಾಹ್ನ ಹನ್ನೆರಡರ ಬಿಸಿಲಿನ ಸರದಿ ಖಾಲಿ ಹೋದರೆ ಅದು ಹೋದಂತೆಯೇ, ನಾಳೆಗೆ ಎತ್ತಿಟ್ಟು ಮಾರಲಾಗುವುದಿಲ್ಲ. ಹುಲ್ಲಿಗೆ ನೀರು ಹಾಯಿಸುವ ಖರ್ಚು ಒಬ್ಬ ಆಡಿದರೂ ಅಷ್ಟೇ, ನಲವತ್ತು ಜನ ಆಡಿದರೂ ಅಷ್ಟೇ. ಹಾಗಾಗಿ ಖಾಲಿ ಸರದಿಯನ್ನು ಅಗ್ಗಕ್ಕೆ ಬಿಡುವುದು ಜಾಣತನ. ಬ್ರಿಟನ್ನಿನಲ್ಲಿ ಇದಕ್ಕಾಗಿಯೇ ಕಾರ್ಡುಗಳೂ ಕೂಪನ್ನುಗಳೂ ಇವೆ. ಒಬ್ಬರ ಹಣಕ್ಕೆ ಇಬ್ಬರು ಆಡಬಹುದು, ಊರೂರು ತಿರುಗಿ ಬೇರೆ ಬೇರೆ ಮೈದಾನದಲ್ಲಿ ಆಡಬಹುದು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಮೂರು ಗಂಟೆಗೆ ಹೋಟೆಲು ಖಾಲಿ ಹೊಡೆಯುವಾಗ ಬನ್ಸಿನ ಜೊತೆ ಚಹಾ ಅಗ್ಗಕ್ಕೆ ಕೊಟ್ಟರೆ ಯಾರೂ ಅದನ್ನು ಅನ್ಯಾಯ ಎನ್ನುವುದಿಲ್ಲ.

ನಮ್ಮಲ್ಲಿಗೆ ಈ ರಿಯಾಯಿತಿ ಬಂದದ್ದು ಬೇರೆ ವೇಷದಲ್ಲಿ. ಇಲ್ಲಿ ಗಾಲ್ಫ್ ಕಾರ್ಡೆಂದರೆ ಬಹುಮಟ್ಟಿಗೆ ಬ್ಯಾಂಕಿನ ಮೇಲ್ದರ್ಜೆಯ ಕ್ರೆಡಿಟ್ ಕಾರ್ಡು. ಹಿಂದಿನ ತಿಂಗಳು 50,000 ರೂಪಾಯಿ ಖರ್ಚು ಮಾಡಿದರೆ ಈ ತಿಂಗಳು ಒಂದು ಸುತ್ತು ಉಚಿತ ಎಂಬ ಲೆಕ್ಕದ ಕಾರ್ಡುಗಳಿವೆ. ತೀರ ಮೇಲಿನವಕ್ಕೆ ಆ ಮಿತಿಯೂ ಇಲ್ಲ. ಮೈದಾನಕ್ಕೆ ಕೊಡಬೇಕಾದ ಹಣವನ್ನು ಕಾರ್ಡಿನವರು ಕೊಡುತ್ತಾರೆ. ಅವರಿಗೆ ಅದು ಎಲ್ಲಿಂದ ಬರುತ್ತದೆ? ಒಂದಷ್ಟು ವಾರ್ಷಿಕ ಶುಲ್ಕದಿಂದ, ಒಂದಷ್ಟು ಬಾಕಿ ಉಳಿಸಿಕೊಂಡವರ ಬಡ್ಡಿಯಿಂದ, ಇನ್ನೊಂದಷ್ಟು ಅಂಗಡಿಯವನಿಂದ. ಗಿರಾಕಿ ಕ್ರೆಡಿಟ್ ಕಾರ್ಡು ಉಜ್ಜಿದಾಗಲೆಲ್ಲ ನೂರಕ್ಕೆ ಒಂದೂವರೆ ಎರಡು ರೂಪಾಯಿ ಅಂಗಡಿಯವನ ಲೆಕ್ಕದಿಂದ ಕಡಿತವಾಗುತ್ತದೆ. ನಮ್ಮ ಹೋಟೆಲಿನ ಯಜಮಾನರು ಅದನ್ನು ತಮ್ಮ ಜೇಬಿನಿಂದ ಕೊಡುತ್ತಾರೆಯೇ? ವರ್ಷಕ್ಕೊಮ್ಮೆ ದರಪಟ್ಟಿ ಬದಲಿಸುವಾಗ ಅದೂ ಇಡ್ಲಿಯ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಇಡ್ಲಿಯ ಬೆಲೆ ಕಾರ್ಡಿನವನಿಗೂ ಒಂದೇ, ನೋಟು ಕೊಡುವ ಹಮಾಲನಿಗೂ ಒಂದೇ. ಹಮಾಲನಿಗೆ ಗಾಲ್ಫ್ ಮಾತ್ರ ಇಲ್ಲ.

ಇದು ನನ್ನ ಕುಹಕವಲ್ಲ. ಅಮೆರಿಕದ ಬಾಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದೇ ಲೆಕ್ಕ ಹಾಕಿದ್ದರು. ನಗದು ಬಳಸುವ ಸರಾಸರಿ ಕುಟುಂಬ ವರ್ಷಕ್ಕೆ 149 ಡಾಲರನ್ನು ತನಗೇ ತಿಳಿಯದಂತೆ ಕಾರ್ಡು ಬಳಸುವವರ ಕಡೆಗೆ ದಾಟಿಸುತ್ತದೆ, ಕಾರ್ಡು ಬಳಸುವ ಸರಾಸರಿ ಕುಟುಂಬ 1,133 ಡಾಲರ್ ಪಡೆಯುತ್ತದೆ ಎಂದು ಅವರು ಕಂಡರು. ಅಮೆರಿಕದ ಅಂಕಿ ನಮಗೆ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಯುಪಿಐ ಬಂದು ಚಿಲ್ಲರೆ ವ್ಯವಹಾರದ ಬಹುಪಾಲು ಈ ಕಡಿತದಿಂದ ತಪ್ಪಿಸಿಕೊಂಡಿದೆ. ಆದರೂ ಹಣ ಹರಿಯುವ ದಿಕ್ಕು ಅದೇ, ಕೆಳಗಿನಿಂದ ಮೇಲಕ್ಕೆ.

ರಿಯಾಯಿತಿ ಕಾರ್ಡು ಭಾಂಡುಪ್‌ಗೆ ಹೊಸದೇನಲ್ಲ. ಮುಂಬಯಿಯ ಎಲ್ಲಕ್ಕಿಂತ ದೊಡ್ಡ ರಿಯಾಯಿತಿ ಕಾರ್ಡು ಲೋಕಲ್ ಗಾಡಿಯ ಮಾಸಿಕ ಪಾಸು. ಬೊಂಬಾಯಿಯನ್ನು ಠಾಣೆ, ಕಲ್ಯಾಣ, ಘಟ್ಟಗಳಿಗೆ ರೈಲಿನಿಂದ ಜೋಡಿಸುವ ಯೋಚನೆ ಸರಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ ಹೊಳೆದದ್ದು 1843ರಲ್ಲಿ ಭಾಂಡುಪ್‌ಗೆ ಬಂದಿದ್ದಾಗ ಎಂದು ರೈಲ್ವೆ ಇತಿಹಾಸ ಹೇಳುತ್ತದೆ. ಹತ್ತು ವರ್ಷದ ಮೇಲೆ, 1853ರ ಏಪ್ರಿಲ್ 16ರಂದು, ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಗಾಡಿ ನಮ್ಮೂರನ್ನು ದಾಟಿಯೇ ಹೋಯಿತು. ಆ ಹಳಿಯ ಮೇಲೆ ಇವತ್ತು ಪಾಸು ಹಿಡಿದು ಹೋಗುವವರಲ್ಲಿ ಎಷ್ಟೋ ಜನ ದಿನಕ್ಕೆ ಒಂದು ಚಹಾದ ಬೆಲೆಗಿಂತ ಕಡಿಮೆ ಖರ್ಚಿನಲ್ಲಿ ಕೆಲಸಕ್ಕೆ ಮುಟ್ಟುತ್ತಾರೆ. ಉಪನಗರ ಸೇವೆಯಿಂದ ರೈಲ್ವೆಗೆ ನಷ್ಟ. ಆ ನಷ್ಟವನ್ನು ಕಲ್ಲಿದ್ದಲು, ಸಿಮೆಂಟು ಸಾಗಿಸುವ ಗಾಡಿಗಳ ಗಳಿಕೆಯಿಂದ ತುಂಬುತ್ತಾರೆ. ಅಂದರೆ ಪಾಸೂ ಇನ್ನೊಬ್ಬರ ಹಣವೇ. ಹೀಗಾಗಿ ಇನ್ನೊಬ್ಬರ ಹಣದಲ್ಲಿ ರಿಯಾಯಿತಿ ಕೂಡದು ಎಂದು ವಾದ ಹೂಡುವ ಹಕ್ಕು ನನಗಿಲ್ಲ, ನಲವತ್ತು ವರ್ಷ ಅದರಲ್ಲೇ ಓಡಾಡಿದವನು.

ಪಾಸು ಕೊಡುವ ಕಿಟಕಿ ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ ಎಲ್ಲಿಗೆ. ಗಾಲ್ಫ್ ಕಾರ್ಡಿನ ಪ್ರಶ್ನೆ ಬೇರೆ: ಹೋದ ತಿಂಗಳು ಎಷ್ಟು ಖರ್ಚು ಮಾಡಿದೆ. ಮೊದಲನೆಯದು ನೀನು ಎಲ್ಲಿಯವನು ಎಂಬುದನ್ನು ನೋಡಿ ಬೆಲೆ ಇಳಿಸುತ್ತದೆ, ಎರಡನೆಯದು ನೀನು ಎಷ್ಟರವನು ಎಂಬುದನ್ನು ನೋಡಿ. ಖಾಸಗಿ ಹೋಟೆಲು ತನ್ನ ಖಾಸಗಿ ಜಾಗದಲ್ಲಿ ಎರಡನೆಯ ಪ್ರಶ್ನೆ ಕೇಳಲಿ, ನನ್ನ ತಕರಾರಿಲ್ಲ. ಗಾಲ್ಫ್ ಮೈದಾನದ ವಿಷಯದಲ್ಲಿ ತಕರಾರು ಏಳುವುದು ನೆಲದಿಂದಾಗಿ.

ಹಳೆಯ ಮೈಸೂರಿನ ಕಂದಾಯದ ಮಾತುಗಳಲ್ಲಿ 'ಹುಲ್ಲುಬನ್ನಿ' ಎಂಬುದೊಂದಿದೆ. ಹುಲ್ಲಿಗಾಗಿ ಬಿಟ್ಟ ನೆಲಕ್ಕೂ ಆ ಹೆಸರು, ಅಲ್ಲಿ ದನ ಮೇಯಿಸಲು ತೆರುವ ತೆರಿಗೆಗೂ ಆ ಹೆಸರು. ಗ್ರೀನ್ ಫೀ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ. ತಮಾಷೆಗೆ ಹೇಳುತ್ತಿಲ್ಲ. ಈ ಆಟ ಹುಟ್ಟಿದ್ದೇ ಗೋಮಾಳದಲ್ಲಿ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಕಡಲೂರಿನ ಮರಳು ಹುಲ್ಲುಗಾವಲಿನಲ್ಲಿ ಕುರಿ ಮೇಯುತ್ತಿದ್ದವು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಊರವರು ಚೆಂಡು ಹೊಡೆಯುತ್ತಿದ್ದರು. 1552ರ ಆರ್ಚ್‌ಬಿಷಪ್ಪನ ಸನದೊಂದು ಅಲ್ಲಿ ಮೊಲ ಸಾಕಲು ಅಪ್ಪಣೆ ಪಡೆಯುವುದರ ಜೊತೆಗೇ ಊರವರ ಗಾಲ್ಫ್ ಆಡುವ ಹಕ್ಕನ್ನೂ ಬರೆದಿಟ್ಟಿತು. ಗಾಲ್ಫಿನ ಕಾಶಿ ಎನ್ನಬಹುದಾದ ಆ ನೆಲ ಇವತ್ತಿಗೂ ಸಾರ್ವಜನಿಕರದ್ದು. 1974ರ ಶಾಸನದ ಪ್ರಕಾರ ಒಂದು ಟ್ರಸ್ಟು ಅದನ್ನು ನೋಡಿಕೊಳ್ಳುತ್ತದೆ.

ಅಲ್ಲಿಯೂ ರಿಯಾಯಿತಿ ಕಾರ್ಡಿದೆ, ಆದರೆ ಅದು ಊರವನ ಕಾರ್ಡು. ಹಳೆಯ ಮೈದಾನದಲ್ಲಿ ಹೊರಗಿನವನು ಒಂದೆರಡು ಸುತ್ತಿಗೆ ತೆರುವ ಹಣದಲ್ಲಿ ಊರವನು ವರ್ಷವಿಡೀ ಆಡುತ್ತಾನೆ. ಭಾನುವಾರ ಹಳೆಯ ಮೈದಾನದಲ್ಲಿ ಸಾಮಾನ್ಯವಾಗಿ ಆಟವೇ ಇಲ್ಲ. ಊರವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಆ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಅಮೆರಿಕದಲ್ಲೂ ಇದಕ್ಕೆ ಹತ್ತಿರದ ಪದ್ಧತಿಯಿದೆ. ಯು.ಎಸ್. ಓಪನ್ ಪಂದ್ಯ 2002ರಲ್ಲೂ 2009ರಲ್ಲೂ ನಡೆದ ನ್ಯೂಯಾರ್ಕಿನ ಬೆತ್‌ಪೇಜ್ ಮೈದಾನ ಒಂದು ಸರಕಾರಿ ಉದ್ಯಾನ. ರಾಜ್ಯದ ನಿವಾಸಿಗೆ ಅಲ್ಲಿ ಹೊರಗಿನವನಿಗಿಂತ ಕಡಿಮೆ ಶುಲ್ಕ. ತೆರಿಗೆ ಕಟ್ಟುವವನ ನೆಲ, ಆದ್ದರಿಂದ ಅವನಿಗೆ ಕಡಿಮೆ. ವಾದ ಅಷ್ಟು ಸರಳ.

ನಮ್ಮ ದೇಶಕ್ಕೆ ಆಟ ಬಂತು, ಗೋಮಾಳದ ಹಕ್ಕು ಹಡಗು ಹತ್ತಲಿಲ್ಲ. ಕಲ್ಕತ್ತೆಯ ಕ್ಲಬ್ಬು 1829ರದ್ದು, ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದು. ಬೊಂಬಾಯಿಯಲ್ಲಿ 1842ಕ್ಕೇ ಗಾಲ್ಫ್ ಕ್ಲಬ್ಬಿತ್ತು. ಬೆಂಗಳೂರಿನ ಹೈಗ್ರೌಂಡ್ಸಿನದು 1876ರದ್ದು. ಇವೆಲ್ಲ ಬಿಳಿಯರ ಬೇಲಿಯೊಳಗಿನ ಹುಲ್ಲು. ಆ ಬೇಲಿಯನ್ನು ಮುರಿಯಲು ಮುಂಬಯಿಯಲ್ಲಿ ನಡೆದ ಒಂದು ಪ್ರಯತ್ನ ನೆನಪಿಡತಕ್ಕದ್ದು. ಗವರ್ನರ್ ಲಾರ್ಡ್ ವಿಲಿಂಗ್ಡನ್ ತನ್ನ ಭಾರತೀಯ ಅತಿಥಿಗಳಿಗೆ ಕ್ಲಬ್ಬೊಂದರಲ್ಲಿ ಪ್ರವೇಶ ಸಿಗಲಿಲ್ಲವೆಂದು ಸಿಟ್ಟಾಗಿ, ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ, ಬಿಳಿಯರಿಗೂ ಭಾರತೀಯರಿಗೂ ಬಾಗಿಲು ತೆರೆದ ಕ್ಲಬ್ಬು ಕಟ್ಟಿಸಿದ ಎಂಬ ಕಥೆಯಿದೆ. ವಿಲಿಂಗ್ಡನ್ ಕ್ಲಬ್ಬು ಇವತ್ತಿಗೂ ಹಾಜಿ ಅಲಿಯ ಹತ್ತಿರ ಹಸಿರಾಗಿದೆ. ಬಣ್ಣದ ಬೇಲಿ ಬಿತ್ತು. ಆದರೆ ಹೊಸ ಸದಸ್ಯತ್ವದ ಬಾಗಿಲು ದಶಕಗಳಿಂದ ಮುಚ್ಚಿದೆ ಎಂಬುದು ನಗರದಲ್ಲಿ ಎಲ್ಲರೂ ಆಡುವ ಮಾತು. 1927ರಲ್ಲಿ ಚೆಂಬೂರಿನಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬು ಬಂತು. ಕುರ್ಲಾದಲ್ಲಿ ಇಳಿದು ಹಾರ್ಬರ್ ಗಾಡಿ ಹಿಡಿದರೆ ಭಾಂಡುಪ್‌ನಿಂದ ಮುಕ್ಕಾಲು ಗಂಟೆಯ ದಾರಿ. ನಲವತ್ತು ವರ್ಷದಲ್ಲಿ ನಾನು ಅದರ ಗೋಡೆ ಮಾತ್ರ ನೋಡಿದ್ದೇನೆ.

ಸೈನ್ಯದ ಮೈದಾನಗಳ ಕಥೆ ಇನ್ನೂ ಸ್ವಾರಸ್ಯದ್ದು. ಸುಮಾರು ಹದಿನೈದು ವರ್ಷದ ಹಿಂದೆ ಮಹಾಲೇಖಪಾಲರು ರಕ್ಷಣಾ ಭೂಮಿಯ ಲೆಕ್ಕ ತೆಗೆದಾಗ 97 ಗಾಲ್ಫ್ ಮೈದಾನಗಳು 8,076 ಎಕರೆಯಲ್ಲಿ ಹರಡಿಕೊಂಡಿರುವುದು ಬೆಳಕಿಗೆ ಬಂತು. ಕಾಗದದಲ್ಲಿ ಅವುಗಳ ಹೆಸರು 'ಪರಿಸರ ಉದ್ಯಾನ ಮತ್ತು ತರಬೇತಿ ಪ್ರದೇಶ'. ಹೆಸರಿಡುವ ವಿದ್ಯೆಯಲ್ಲಿ ನಮ್ಮ ಕಚೇರಿಗಳನ್ನು ಮೀರಿಸುವವರಿಲ್ಲ.

ಗಾಲ್ಫಿನವರ ವಾದಕ್ಕೆ ಬಲವಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಈ ಹುಲ್ಲು ನಗರದ ಶ್ವಾಸಕೋಶ, ಕ್ಲಬ್ಬು ಇಲ್ಲದಿದ್ದರೆ ಅಲ್ಲಿ ಯಾವತ್ತೋ ಬಿಲ್ಡರನ ಗೋಪುರ ಏಳುತ್ತಿತ್ತು ಎನ್ನುತ್ತಾರೆ. ಮುಂಬಯಿಯಲ್ಲಿ ನಿಂತು ಈ ಮಾತನ್ನು ಅಲ್ಲಗಳೆಯುವುದು ಕಷ್ಟ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಚಿರತೆಯೊಂದು ವಾರಗಟ್ಟಲೆ ಅಡಗಿ ಕೂತು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಿಸಿ, ಆನೆ ತರಿಸಿದರೂ ಸಿಗದೆ ಮಾಯವಾದದ್ದು ಕನ್ನಡಿಗರಿಗೆಲ್ಲ ನೆನಪಿರಬೇಕು. ಚಿರತೆಗೆ ಮರೆಯಾಗುವಷ್ಟು ಕಾಡು ನಗರದ ನಡುವೆ ಉಳಿದಿದ್ದರೆ ಅದು ಗಾಲ್ಫಿನ ಪುಣ್ಯವೂ ಹೌದು. ಗ್ರೀನ್ ಫೀ ಕೊಡದೆ ಅಷ್ಟು ದಿನ ತಂಗಿದ ಅತಿಥಿ ಬೇರೆ ಯಾರೂ ಇರಲಾರರು.

ಆದರೆ ಅದೇ ಗಾಲ್ಫು ಇನ್ನೊಂದು ಕಡೆ ಕೆಸರು ನುಂಗಲೂ ಹೊರಟಿತ್ತು. ಭಾಂಡುಪ್ ಪೂರ್ವದ ಪಂಪಿಂಗ್ ಸ್ಟೇಷನ್ನಿನ ಕಡೆಗೆ ಚಳಿಗಾಲದ ಬೆಳಿಗ್ಗೆ ಹೋದರೆ ಠಾಣೆ ಖಾರಿಯ ಕೆಸರಿನಲ್ಲಿ ಫ್ಲೆಮಿಂಗೊ ಹಿಂಡು ಕಾಣುತ್ತದೆ. ಅವೇ ಹಕ್ಕಿಗಳು ಉಬ್ಬರ ಏರಿದಾಗ ಖಾರಿಯ ಆಚೆಯ ನವಿ ಮುಂಬಯಿಯ ಜೌಗಿಗೆ ಹಾರಿ ಕೂರುತ್ತವೆ. ಸೀವುಡ್ಸಿನ ಅಂಥದೊಂದು ಜೌಗಿನಲ್ಲಿ ಗಾಲ್ಫ್ ಮೈದಾನವನ್ನೂ ಮನೆಗಳನ್ನೂ ಕಟ್ಟುವ ಯೋಜನೆಗೆ ಕೊಟ್ಟಿದ್ದ ಅನುಮತಿಯನ್ನು ಬಾಂಬೆ ಹೈಕೋರ್ಟು 2018ರ ನವೆಂಬರಿನಲ್ಲಿ ರದ್ದು ಮಾಡಿತು. ವ್ಯಾಜ್ಯ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಹುಲ್ಲು ಹಸಿರಾಗಿದ್ದ ಮಾತ್ರಕ್ಕೆ ಅದು ಪರಿಸರದ ಪರ ಎನ್ನಲಾಗದು. ಮೊದಲು ಅಲ್ಲಿ ಏನಿತ್ತು ಎಂದು ಕೇಳಬೇಕು.

ನೆಲದ ಬೆಲೆ ಇಲ್ಲಿ ಹೇಗಿದೆಯೆಂದರೆ, ಧಾರಾವಿಯ ಕುಟುಂಬಗಳಿಗೆ ಮನೆ ಕಟ್ಟಲೆಂದು ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡಿನ ಉಪ್ಪಿನ ಆಗರಗಳಿಂದ 255.9 ಎಕರೆ ಕೊಡುವುದೆಂದು 2024ರಲ್ಲಿ ತೀರ್ಮಾನವಾಯಿತು. ಸಾವಿರಾರು ಸಂಸಾರಗಳನ್ನು ಅದರಲ್ಲಿ ತುಂಬುವ ಯೋಜನೆ. 18 ಗುಳಿಯ ಗಾಲ್ಫ್ ಮೈದಾನ ಒಂದಕ್ಕೆ ಸಾಮಾನ್ಯವಾಗಿ 100ರಿಂದ 150 ಎಕರೆ ಬೇಕು. ಎರಡು ಮೈದಾನದ ಜಾಗ ಅಷ್ಟೇ ಎಂದಾಯಿತು. ಭಾಂಡುಪ್ ಪಶ್ಚಿಮದ ಗುಡ್ಡದ ಮೇಲೆ ಪ್ರತಿ ಮಳೆಗಾಲ ಮಣ್ಣು ಕುಸಿಯುವ ಭಯದಲ್ಲಿ ಮಲಗುವ ಚಾಳುಗಳ ನಡುವೆ ನಿಂತು ಈ ಲೆಕ್ಕ ಹಾಕಿದರೆ ತಲೆ ಬಿಸಿಯಾಗುತ್ತದೆ. ಹಾಗೆಂದು ಗಾಲ್ಫ್ ಮೈದಾನ ಅಗೆದು ಮನೆ ಕಟ್ಟಿ ಎಂದು ನಾನು ಹೇಳಲಾರೆ. ಅಗೆದರೆ ಬರುವುದು ಆ ಚಾಳಿನವರ ಮನೆಯಲ್ಲ ಎಂಬುದು ಈ ನಗರದಲ್ಲಿ ಬಾಳಿದವರಿಗೆಲ್ಲ ಗೊತ್ತು. ಹುಲ್ಲು ಹುಲ್ಲಾಗಿಯೇ ಇರಲಿ. ಹುಲ್ಲುಬನ್ನಿ ಯಾರಿಗೆ ಕಡಿಮೆ, ಯಾರಿಗೆ ಹೆಚ್ಚು ಎಂಬುದಷ್ಟೇ ನನ್ನ ಪ್ರಶ್ನೆ.

ನವಿ ಮುಂಬಯಿಯ ಖಾರ್ಘರಿನಲ್ಲಿ ಸರಕಾರಿ ಸಂಸ್ಥೆ ಸಿಡ್ಕೊ ಕಟ್ಟಿಸಿದ ಮೈದಾನವಿದೆ. ಸದಸ್ಯನಲ್ಲದವನೂ ಹಣ ಕೊಟ್ಟು ಆಡಬಹುದು. ದಿಲ್ಲಿಯಲ್ಲಿ ಕುತುಬ್ ಹತ್ತಿರ ಅಭಿವೃದ್ಧಿ ಪ್ರಾಧಿಕಾರದ ಮೈದಾನವೂ ಹಾಗೆಯೇ. ಕ್ಲಬ್ಬಿನ ಗೋಡೆಗೆ ಹೋಲಿಸಿದರೆ ಇದು ಒಳ್ಳೆಯ ಹೆಜ್ಜೆ. ಆದರೆ ನವಿ ಮುಂಬಯಿಗಾಗಿ 95 ಹಳ್ಳಿಗಳ ಗದ್ದೆ, ಆಗರ, ಗುಡ್ಡ ಹೋದವು. ಹಾಗೆ ನೆಲ ಬಿಟ್ಟುಕೊಟ್ಟವರ ಮೊಮ್ಮಗನಿಗೆ ಇಂಥ ಮೈದಾನದಲ್ಲಿ ಊರವನ ದರ ಎಂಬುದಿರಬೇಕು. ಸೇಂಟ್ ಆಂಡ್ರೂಸಿನ ಮೀನುಗಾರನ ಮಗನಿಗೆ ಇರುವ ಹಕ್ಕು ಇಲ್ಲಿನ ಆಗ್ರಿ, ಕೋಳಿ ಸಮುದಾಯದವನ ಮಗನಿಗೆ ಏಕೆ ಬೇಡ?

ಇಂಥ ಹುಡುಗರು ಗಾಲ್ಫ್ ಆಡಿಯಾರೇ ಎಂದು ಮೂಗು ಮುರಿಯುವವರಿದ್ದಾರೆ. ಅವರು ಚೆಂಬೂರಿನ ಗಲ್ಲಿಗೆ ಹೋಗಬೇಕು. ಕ್ಲಬ್ಬಿನಲ್ಲಿ ಸಾಹೇಬರ ಚೀಲ ಹೊರುವ ಕ್ಯಾಡಿ ಹುಡುಗರು ಅಲ್ಲಿ ಕಬ್ಬಿಣದ ಸರಳು ಬಗ್ಗಿಸಿ ಕೋಲು ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಲ್ಲಿ, ಮೋರಿಯ ಪಕ್ಕ, ತಗಡಿನ ಮಾಡುಗಳ ನಡುವೆ ತಮ್ಮದೇ ಗಾಲ್ಫ್ ಆಡುತ್ತ ಬಂದಿದ್ದಾರೆ. ವಿದೇಶಿ ಪತ್ರಿಕೆಗಳು ಅದಕ್ಕೆ ಸ್ಲಮ್ ಗಾಲ್ಫ್ ಎಂದು ಹೆಸರು ಕೊಟ್ಟು ಚಿತ್ರ ಹಾಕಿದವು. ಗೋಡೆಯ ಒಳಗೆ ನೂರಾರು ಕೋಟಿಯ ಹುಲ್ಲು, ಹೊರಗೆ ಬಗ್ಗಿಸಿದ ಸರಳು, ಆಟ ಎರಡೂ ಕಡೆ ಒಂದೇ. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಎಸ್. ಚಿಕ್ಕರಂಗಪ್ಪ ಬಿಡದಿ ಕಡೆಯ ಬಡ ಕುಟುಂಬದ ಹುಡುಗ. ಹತ್ತಿರದ ಗಾಲ್ಫ್ ರೆಸಾರ್ಟಿನಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಹೋಗಿ, ಅಲ್ಲೇ ಕಲಿತು, ವೃತ್ತಿಪರ ಆಟಗಾರನಾದ. ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದ ಅದಿತಿ ಅಶೋಕ್ ಬಡಮನೆಯವಳಲ್ಲ. ಆದರೆ ಅವಳ ಆಟವೂ ಶುರುವಾದದ್ದು ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಬೆಂಗಳೂರಿನ ಗಾಲ್ಫ್ ಮೈದಾನ ಕಣ್ಣಿಗೆ ಬಿದ್ದದ್ದರಿಂದ. ಮೂವರನ್ನೂ ಒಳಗೆ ಕರೆದದ್ದು ಹತ್ತಿರ ಇದ್ದದ್ದು, ಕಣ್ಣಿಗೆ ಬಿದ್ದದ್ದು. ನಮ್ಮ ಹಲವು ಕ್ಲಬ್ಬುಗಳು ಸೋಮವಾರ ಹುಲ್ಲಿನ ಆರೈಕೆಗೆಂದು ಮುಚ್ಚಿರುತ್ತವೆ, ಆ ದಿನ ಕ್ಯಾಡಿಗಳಿಗೆ ಆಡಲು ಬಿಡುವ ಪದ್ಧತಿ ಅಲ್ಲಲ್ಲಿ ಇದೆ. ಯಾವ ಬ್ಯಾಂಕಿನ ಕಾರ್ಡಿಗಿಂತಲೂ ಈ ಸೋಮವಾರ ದೇಶದ ಗಾಲ್ಫಿಗೆ ಹೆಚ್ಚು ಕೊಟ್ಟಿದೆ ಎಂಬುದು ನನ್ನ ಅನಿಸಿಕೆ.

ಆದ್ದರಿಂದ ಬ್ಯಾಂಕಿನ ಕಾರ್ಡು ನಿಲ್ಲಿಸಿ ಎಂದು ಕೂಗುವುದರಲ್ಲಿ ಅರ್ಥವಿಲ್ಲ. ಮಾಡಬೇಕಾದ ಕೆಲಸ ಗುತ್ತಿಗೆಯ ಕಾಗದದಲ್ಲಿದೆ. ಸರಕಾರದ, ಪಾಲಿಕೆಯ, ಪ್ರಾಧಿಕಾರದ ನೆಲದ ಮೇಲಿರುವ ಯಾವುದೇ ಮೈದಾನದ ಗುತ್ತಿಗೆ ನವೀಕರಣಕ್ಕೆ ಬಂದಾಗ ಬಾಡಿಗೆ ಎಷ್ಟು ಏರಿಸಬೇಕು ಎಂಬ ಚೌಕಾಸಿಯಷ್ಟೇ ನಡೆಯುತ್ತದೆ. ಬಾಡಿಗೆ ಏರಿದರೆ ಗ್ರೀನ್ ಫೀ ಏರುತ್ತದೆ, ಗೋಡೆ ಇನ್ನಷ್ಟು ಎತ್ತರವಾಗುತ್ತದೆ. ಅದರ ಬದಲು ಷರತ್ತಿನ ರೂಪದಲ್ಲಿ ಬನ್ನಿ ವಸೂಲು ಮಾಡಬಹುದು. ಆ ವಾರ್ಡಿನ ವಿಳಾಸವಿರುವ ಯಾರಿಗೇ ಆಗಲಿ ರೈಲು ಪಾಸಿನ ಮಾದರಿಯ ಒಂದು ನೆರೆಯವನ ಕಾರ್ಡು. ವಾರಕ್ಕೆ ಒಂದು ಹೊತ್ತು ಆಟ ನಿಲ್ಲಿಸಿ ನಡೆದಾಡುವವರಿಗೆ ಹುಲ್ಲು. ಬ್ಯಾಂಕಿನವರು ಕೊಳ್ಳುವ ಪ್ರತಿಯೊಂದು ಉಚಿತ ಸುತ್ತಿಗೂ ಸಮನಾಗಿ ಹತ್ತಿರದ ಪಾಲಿಕೆ ಶಾಲೆಯ ಒಂದು ಮಗುವಿಗೆ, ಕೋಲು ಚೆಂಡು ಸಹಿತ, ಒಂದು ಸುತ್ತು. ಖಾಲಿ ಸರದಿ ಬಸ್ಸಿನ ಖಾಲಿ ಸೀಟು ಎಂದು ಅವರೇ ಒಪ್ಪುತ್ತಾರಲ್ಲ, ಆ ಸೀಟಿನಲ್ಲಿ ಮಗು ಕೂತರೆ ಬಸ್ಸಿಗೇನೂ ಭಾರವಾಗದು. ಚೆಂಡು ತಲೆಗೆ ಬಡಿದರೆ, ಹುಲ್ಲು ಹಾಳಾದರೆ ಎಂಬ ಆತಂಕಕ್ಕೆ ಸೇಂಟ್ ಆಂಡ್ರೂಸಿನ ಭಾನುವಾರವೇ ಉತ್ತರ. ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಹುಲ್ಲನ್ನು ಊರವರು ತಲೆಮಾರುಗಳಿಂದ ತುಳಿಯುತ್ತಿದ್ದಾರೆ, ಹುಲ್ಲು ಇನ್ನೂ ಇದೆ.

ಇದನ್ನೆಲ್ಲ ಮತ್ತೊಂದು ಸಂಜೆ ಹೋಟೆಲಿನಲ್ಲಿ ಹೇಳಿದೆ. ಕಾರ್ಡಿನ ಕಡಿತ, ಇಡ್ಲಿಯ ಬೆಲೆ, ಕುರಿ ಮೇಯುತ್ತಿದ್ದ ಹುಲ್ಲುಗಾವಲು, ನೆರೆಯವನ ಪಾಸು, ಒಂದೂ ಬಿಡಲಿಲ್ಲ. ಯಜಮಾನರು ಯಂತ್ರದಿಂದ ಹೊರಬಂದ ದಿನದ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ ಗಲ್ಲಾದೊಳಗೆ ಹಾಕಿದರು. ಒಳಗೆ ಮೂರರಿಂದ ಐದರ ಬಿಡುವು ಮುಗಿಸಿದ್ದ ಹುಡುಗರು ಮೇಜು ಒರೆಸುತ್ತಿದ್ದರು. ಅವರು ಆ ಬಿಡುವಿನಲ್ಲಿ ಹಿಂದಿನ ಗಲ್ಲಿಯಲ್ಲಿ, ನಿಲ್ಲಿಸಿದ ರಿಕ್ಷಾಗಳ ನಡುವೆ ಚೆಂಡು ಹೊಡೆಯುವವರು.

"ಸರಿ, ಆ ಪಾಸು ಕೊಟ್ರೂಂತ ಇಟ್ಕೊಳ್ಳಿ," ಎಂದರು. "ನೂರು ಎಕ್ರೆ ಅಂತೀರಿ. ಒಂದು ಮೂಲೇಲಿ ನಮ್ಮ ಹುಡುಗ್ರಿಗೆ ಕ್ರಿಕೆಟ್ ಆಡ್ಲಿಕ್ಕೆ ಬಿಡ್ತಾರಾ ಮಾರಾಯ್ರೆ?"